ಹೊಸದಾಗಿ ಕಾರು ಕಲಿತ ಮಗಳು, 2008ರ ಆಲ್ಟೋ, ಮಲೆನಾಡಿನ ಮಳೆ: ಜಾರದಂತೆ ಏನು ಮಾಡಬೇಕು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮಗಳಿಗೆ 18 ತುಂಬಿ ಕೆಲವು ತಿಂಗಳಾಯಿತು. ಫೆಬ್ರವರಿಯಲ್ಲಿ ಲೈಸೆನ್ಸ್ ಬಂತು. ನಮ್ಮ ಮಾವನವರ 2008ರ ಆಲ್ಟೋ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು, ಅದನ್ನೇ ಅವಳಿಗೆ ಬಿಟ್ಟಿದ್ದೇನೆ. ಓದುವುದು ಶಿವಮೊಗ್ಗದಲ್ಲಿ. ಶನಿವಾರ ತೀರ್ಥಹಳ್ಳಿಗೆ ಬಂದು ಸೋಮವಾರ ಬೆಳಿಗ್ಗೆ ವಾಪಸ್. ಸುಮಾರು 60 ಕಿಲೋಮೀಟರ್ ದಾರಿ.

ಕಳೆದ ಸೋಮವಾರ ನನಗೂ ಶಿವಮೊಗ್ಗದಲ್ಲಿ ಕೆಲಸವಿತ್ತು, ಜೊತೆಗೆ ಹೋದೆ. ಮಂಡಗದ್ದೆ ದಾಟಿದ ಮೇಲೆ ಒಂದು ಬಲ ತಿರುವು. ಮಳೆ ಶುರುವಾಗಿ ಹತ್ತು ನಿಮಿಷ ಆಗಿತ್ತಷ್ಟೆ. ಅವಳು ಗಾಬರಿಯಾಗಿ ಬ್ರೇಕ್ ತುಳಿದಳು. ಕಾರಿನ ಹಿಂಭಾಗ ಸರ್ರನೆ ಎಡಕ್ಕೆ ಹೋಯಿತು. ನೋಡುವುದರೊಳಗೆ ಕಾರು ಪೂರ್ತಿ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ಎದುರಿಗೆ ಬಸ್ಸೋ ಲಾರಿಯೋ ಬಂದಿದ್ದರೆ ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ.

ಕಾರಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲ. ಹೊಸ ಕಾರು ಕೊಡಿಸುವ ಶಕ್ತಿ ಈ ವರ್ಷ ಇಲ್ಲ. ಅಡಿಕೆ ತೋಟಕ್ಕೆ ಕೊಳೆ ರೋಗ ಬಂದು ಕೈ ಖಾಲಿ. ಅವಳಿಗೆ ಗಾಡಿ ಕೊಡುವುದನ್ನೇ ನಿಲ್ಲಿಸಲಾ, ಅಥವಾ ಈ ಕಾರಿನಲ್ಲೇ ಏನಾದರೂ ಸರಿಮಾಡಬಹುದಾ? ಗೊತ್ತಿದ್ದವರು ಹೇಳಿ.

ಕುಡ್ಲದ ಹುಡುಗ:
ಅಂಕಲ್, ಆ ಕಾರು ಮಾರಿ. 2019ರ ಏಪ್ರಿಲ್ ನಂತರ ತಯಾರಾದ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ತಗೊಳ್ಳಿ.

ಸ್ಪ್ಯಾನರ್ ಸಾಗರ:
ಮಾರಾಯ್ರೆ, ಅವರು ಕೈ ಖಾಲಿ ಅಂತ ಬರೆದದ್ದು ಓದಿದ್ರಾ?

ತುಂಗಾತೀರ ಅವರೇ, ಒಂದೇ ಪ್ರಶ್ನೆ. ನಾಲ್ಕು ಟೈರ್ ಯಾವಾಗಿನವು? ಮುಂದಿನದು ಬೇರೆ, ಹಿಂದಿನದು ಬೇರೆ ಹೇಳಿ.

ತುಂಗಾತೀರ:
ಮುಂದಿನ ಎರಡು ಹೋದ ವರ್ಷ ಹೊಸದು ಹಾಕಿಸಿದ್ದು. ಟೈರ್ ಅಂಗಡಿಯವರು ಹೊಸದು ಮುಂದಕ್ಕೇ ಇರಲಿ, ಎಳೆಯುವುದು ಮುಂದಿನ ಚಕ್ರ ಅಲ್ವಾ ಅಂದರು. ಹಿಂದಿನವು ಮಾವನವರ ಕಾಲದ್ದು. ಆದರೆ ಕಾರು ಓಡಿದ್ದೇ ಕಡಿಮೆ, ಗ್ರಿಪ್ ಇನ್ನೂ ಚೆನ್ನಾಗಿದೆ. ಗೀರಿನೊಳಗೆ ಉಗುರು ಇಳಿಯುತ್ತದೆ.

ಸ್ಪ್ಯಾನರ್ ಸಾಗರ:
ಹಾಗಿದ್ದರೆ ಈಗಲೇ ಹೋಗಿ ಹಿಂದಿನ ಟೈರಿನ ಪಕ್ಕ ನೋಡಿ. ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲಿನ ಎರಡು ಅಂಕಿ ಟೈರ್ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಹೊರಗಿನ ಮೈಯಲ್ಲಿ ಕಾಣದಿದ್ದರೆ ಒಳಮೈಯಲ್ಲಿರುತ್ತದೆ. ಟಾರ್ಚ್ ಹಿಡಿದು ಕೆಳಗೆ ಬಗ್ಗಬೇಕು.

ತುಂಗಾತೀರ:
3113 ಅಂತಿದೆ. ಎರಡರಲ್ಲೂ.

ಸ್ಪ್ಯಾನರ್ ಸಾಗರ:
2013ರ 31ನೇ ವಾರ. ಅಂದರೆ ನಿಮ್ಮ ಮಗಳು ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೆ ಹುಟ್ಟಿದ ಟೈರ್.

ಉಗುರು ಇಳಿಯುವುದು ಬೇರೆ, ಹಿಡಿಯುವುದು ಬೇರೆ. ರಬ್ಬರ್ ಕೂತಲ್ಲೇ ಮುದಿಯಾಗುತ್ತದೆ. ಓಡದೆ ಶೆಡ್ಡಿನಲ್ಲಿ ನಿಂತರೂ ಅಷ್ಟೆ. ಹೊಸ ಟೈರಿಗೆ ಹೆಬ್ಬೆರಳು ಒತ್ತಿ ನೋಡಿ, ಸ್ವಲ್ಪ ಮೆತ್ತಗಿರುತ್ತದೆ. ನಿಮ್ಮ ಹಿಂದಿನದಕ್ಕೆ ಒತ್ತಿ ನೋಡಿ, ಹಲಗೆ ಒತ್ತಿದ ಹಾಗಿರುತ್ತದೆ. ಒಣ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಮಳೆ ಬಿದ್ದ ದಿನ ಗೊತ್ತಾಗುತ್ತದೆ. ನಾನು ಐದು ವರ್ಷ ಆದ ಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ನೋಡಲೇಬೇಕು ಅನ್ನುತ್ತೇನೆ. ಹತ್ತು ದಾಟಿದ್ದನ್ನು ನನ್ನ ಗ್ಯಾರೇಜಿನಿಂದ ಹೊರಗೆ ಬಿಡುವುದಿಲ್ಲ, ಜಗಳ ಆದರೂ ಸರಿ.

ಇನ್ನು ಎರಡನೇ ತಪ್ಪು. ಎರಡೇ ಟೈರ್ ಹೊಸದು ಹಾಕುವುದಾದರೆ ಅದು ಹಿಂದಕ್ಕೆ ಹೋಗಬೇಕು, ಮುಂದಿನ ಚಕ್ರ ಎಳೆಯುವ ಕಾರಾದರೂ. ಇದನ್ನು ಹೇಳಿದರೆ ಹತ್ತರಲ್ಲಿ ಎಂಟು ಜನ ನಂಬುವುದಿಲ್ಲ. ಮುಂದಿನ ಟೈರ್ ಜಾರಿದರೆ ಕಾರು ತಿರುಗದೆ ನೇರಕ್ಕೆ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ಸ್ವಲ್ಪ ಸಡಿಲಿಸಿದರೆ ಎಂಥ ಹೊಸಬರಿಗೂ ವಾಪಸ್ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿ. ಅದನ್ನು ಹಿಡಿಯಲು ನನಗೂ ಬರುವುದಿಲ್ಲ, ಸುಳ್ಳು ಯಾಕೆ ಹೇಳಲಿ. ನಿಮ್ಮ ಕಾರಿನಲ್ಲಿ ಮುಂದೆ ಒಳ್ಳೆ ಹಿಡಿತ, ಹಿಂದೆ ಹಲಗೆ. ಮುಂಭಾಗ ತಿರುಗಿತು, ಹಿಂಭಾಗ ಜೊತೆಗೆ ಬರಲಿಲ್ಲ.

ಮೇಷ್ಟ್ರು ಹಾಸನ:
ಸಾಗರದವರ ಮಾತಿಗೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ, ಬೇಜಾರಾದರೆ ದಾಟಿ ಮುಂದೆ ಹೋಗಿ.

ಟೈರಿಗೆ ಇರುವ ಹಿಡಿತ ಒಂದು ಚೊಂಬು ನೀರಿದ್ದ ಹಾಗೆ. ಅದರಲ್ಲೇ ಕೈಯೂ ತೊಳೆಯಬೇಕು, ಕಾಲೂ ತೊಳೆಯಬೇಕು. ತಿರುವಿಗೆ ಸ್ವಲ್ಪ ಖರ್ಚು, ಬ್ರೇಕಿಗೆ ಸ್ವಲ್ಪ ಖರ್ಚು. ಒಣ ಡಾಂಬರಿನಲ್ಲಿ ಚೊಂಬು ಹತ್ತಿರ ಹತ್ತಿರ ಮುಕ್ಕಾಲು ತುಂಬಿರುತ್ತದೆ ಅಂದುಕೊಳ್ಳಿ, ಅಂದರೆ ಪೂರ್ತಿ ಚೊಂಬು 1 ಆದರೆ ಇದು 0.7. ಒದ್ದೆಯಲ್ಲಿ ಹಳೆ ಟೈರಿಗೆ 0.4 ಇದ್ದರೆ ಪುಣ್ಯ. 40 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 50 ಕಿಲೋಮೀಟರಿನಲ್ಲಿ ತೆಗೆದುಕೊಳ್ಳಲು ಸುಮಾರು 0.5 ಬೇಕು. 40ರಲ್ಲಿ ತೆಗೆದುಕೊಂಡರೆ 0.3 ಸಾಕು. ಹತ್ತು ಕಿಲೋಮೀಟರ್ ಇಳಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಬೇಕಾಗುವ ಹಿಡಿತ ಸ್ಪೀಡಿನ ವರ್ಗದ ಹಾಗೆ ಏರುತ್ತದೆ, ಅದಕ್ಕೇ.

ನೇರ ರಸ್ತೆಯಲ್ಲೂ ಹಾಗೆಯೇ. 60ರಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಸುಮಾರು 20 ಮೀಟರಿಗೆ ನಿಲ್ಲುವ ಕಾರು, 0.4 ಹಿಡಿತದ ಒದ್ದೆಯಲ್ಲಿ 35 ಮೀಟರ್ ತೆಗೆದುಕೊಳ್ಳುತ್ತದೆ. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 17 ಮೀಟರ್ ಆಗಲೇ ಕಳೆದಿರುತ್ತದೆ, ಅದು ಬೇರೆ.

ಇನ್ನೊಂದು ವಿಷಯ. ತಿರುವಿನ ಮಧ್ಯದಲ್ಲಿ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಆಲ್ಟೋ ಇರುವುದೇ ಸುಮಾರು ಮುಕ್ಕಾಲು ಟನ್, ಅದರ ಎಂಜಿನ್ ಇರುವುದೂ ಮುಂದೆ. ಹಿಂದೆ ಉಳಿಯುವುದು ಎಷ್ಟು?

ಕುಡ್ಲದ ಹುಡುಗ:
ಹ್ಯಾಂಡ್‌ಬ್ರೇಕ್ ಎಳೆದು ಎಳೆದು ಮೈದಾನದಲ್ಲಿ ಡ್ರಿಫ್ಟ್ ಪ್ರಾಕ್ಟೀಸ್ ಮಾಡಿಸಿ ಅಂಕಲ್. ಒಂದು ವಾರದಲ್ಲಿ ಎಕ್ಸ್‌ಪರ್ಟ್ ಆಗುತ್ತಾರೆ.

ಕಾಫಿತೋಟದಾಕೆ:
ತಮ್ಮಾ, ಎಕ್ಸ್‌ಪರ್ಟ್ ಆದವರನ್ನೇ ನಾವು ಪ್ರತಿ ಜೂನಿನಲ್ಲಿ ಚರಂಡಿಯಿಂದ ಎತ್ತುವುದು. ನಮ್ಮ ಟ್ರ್ಯಾಕ್ಟರಿಗೆ ಅದೇ ಕೆಲಸ.

ಸಕಲೇಶಪುರದ ಕಡೆಯವಳು ನಾನು. ಮಗನಿಗೆ ತೋಟದೊಳಗೆ ಹಳೆ ಜೀಪಿನಲ್ಲಿ ಕಲಿಸಿದೆ. ಜೀಪು ಹಿಂದಿನ ಚಕ್ರ ತಳ್ಳುವ ಗಾಡಿ. ಆಲ್ಟೋ ಆದರೆ ಆಕ್ಸಿಲರೇಟರ್ ಬಿಟ್ಟರೆ ಸುಧಾರಿಸುತ್ತದೆ, ಜೀಪು ಆಕ್ಸಿಲರೇಟರ್ ಜಾಸ್ತಿ ಕೊಟ್ಟರೇ ಕುಂಡಿ ತಿರುಗಿಸುತ್ತದೆ. ಓಮ್ನಿಯೂ ಹಾಗೇ. ಮಕ್ಕಳು ಒಂದು ಗಾಡಿಯಲ್ಲಿ ಕಲಿತು ಇನ್ನೊಂದಕ್ಕೆ ಹತ್ತುವಾಗ ಇದನ್ನು ಬಾಯಿಬಿಟ್ಟು ಹೇಳಬೇಕು.

ತೋಟದ ಕೆಸರಿನಲ್ಲಿ ನಾವು ಟೈರಿನ ಗಾಳಿ ಸ್ವಲ್ಪ ಇಳಿಸುತ್ತೇವೆ. ಒಳ್ಳೆ ಹಿಡಿತ ಸಿಗುತ್ತದೆ. ತುಂಗಾತೀರ ಅವರು ಅದನ್ನೂ ಮಾಡಿ ನೋಡಬಹುದೇನೋ.

ಮೇಷ್ಟ್ರು ಹಾಸನ:
ದಯವಿಟ್ಟು ಬೇಡ ಮೇಡಂ. ಕೆಸರಿನಲ್ಲಿ ಸರಿ, ಡಾಂಬರಿನಲ್ಲಿ ಉಲ್ಟಾ. ರಸ್ತೆ ಮೇಲೆ ನೀರು ನಿಂತಾಗ ಟೈರ್ ಅದನ್ನು ಹಿಂಡಿ ಪಕ್ಕಕ್ಕೆ ತಳ್ಳಬೇಕು. ಗಾಳಿ ಕಡಿಮೆಯಿದ್ದರೆ ಆ ಒತ್ತಡ ಸಾಲದೆ ಟೈರ್ ನೀರಿನ ಮೇಲೆ ತೇಲುತ್ತದೆ. ವಿಮಾನದ ಟೈರುಗಳ ಮೇಲೆ ಪರೀಕ್ಷೆ ಮಾಡಿ ನಾಸಾದವರು ಕಂಡುಕೊಂಡ ಒಂದು ಸೂತ್ರವಿದೆ. ಅದರ ಪ್ರಕಾರ 30 ಪಿಎಸ್‌ಐ ಗಾಳಿಯಿದ್ದರೆ ಸುಮಾರು 90 ಕಿಲೋಮೀಟರ್ ಸ್ಪೀಡಿಗೆ ತೇಲುವ ಟೈರ್, 20 ಪಿಎಸ್‌ಐ ಇದ್ದರೆ 75ಕ್ಕೇ ತೇಲುತ್ತದೆ. ಮಂಡಗದ್ದೆ ತಿರುವಿನಲ್ಲಿ ಆಗಿದ್ದು ಇದಲ್ಲ, ಅದು ಬರೀ ಜಾರಿಕೆ. ಆದರೆ ಮುಂದೆ ಅವಳು ಹೈವೇಗೆ ಹೋದಾಗ ಬೇಕಾಗುತ್ತದೆ. ಎಷ್ಟು ಗಾಳಿ ಅನ್ನುವುದು ಕಾರಿನ ಜೊತೆ ಬಂದ ಪುಸ್ತಕದಲ್ಲೇ ಇರುತ್ತದೆ. ಓಡಿಸುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಿಸಿ.

ಕಾಫಿತೋಟದಾಕೆ:
ಒಪ್ಪಿದೆ ಮೇಷ್ಟ್ರೇ. ನಾನು ತೋಟದ ಗೇಟಿನವರೆಗಿನ ಮಾತು ಹೇಳಿದೆ ಅಂದುಕೊಳ್ಳಿ.

ನಿವೃತ್ತ ಸಾರಥಿ:
ತಡವಾಗಿ ನೋಡಿದೆ. 31 ವರ್ಷ ಕೆಎಸ್‌ಆರ್‌ಟಿಸಿಯಲ್ಲಿ ಚಾಲಕನಾಗಿದ್ದೆ, ಅದರಲ್ಲಿ ಬಹಳ ವರ್ಷ ಆಗುಂಬೆ ಘಾಟಿ. 14 ಹೇರ್‌ಪಿನ್ ತಿರುವುಗಳು, ಜುಲೈ ತಿಂಗಳು, ಮುಂದಿನ ಗಾಡಿಯ ಕೆಂಪು ದೀಪವೂ ಕಾಣದಷ್ಟು ಮಂಜು. ಆಗಿನ ಬಸ್ಸಿಗೆ ನಿಮ್ಮ ಎಬಿಎಸ್ ಎಲ್ಲಿತ್ತು?

ಟೈರ್ ವಿಷಯ ಸಾಗರದವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ರಸ್ತೆ ವಿಷಯ ಹೇಳುತ್ತೇನೆ. ಜೋರು ಮಳೆಗಿಂತ ಮೊದಲ ಮಳೆ ಕೆಟ್ಟದ್ದು. ಬೇಸಿಗೆಯೆಲ್ಲ ರಸ್ತೆಗೆ ತೊಟ್ಟಿಕ್ಕಿದ ಆಯಿಲು, ಧೂಳು, ಟೈರ್ ಪುಡಿ ಎಲ್ಲ ಹನಿ ನೀರಿಗೆ ಕಲಸಿಕೊಂಡು ಎಣ್ಣೆ ಹಚ್ಚಿದ ಕಾವಲಿಯಾಗುತ್ತದೆ. ಅರ್ಧ ಗಂಟೆ ಜಡಿದರೆ ತೊಳೆದು ಹೋಗುತ್ತದೆ. ಹತ್ತು ನಿಮಿಷ ಅಂದಿರಲ್ಲ, ಅದೇ ಕೆಟ್ಟ ಹೊತ್ತು. ಹೊಸಬರಾದರೆ ಒಂದು ಹೋಟೆಲ್ ಮುಂದೆ ನಿಲ್ಲಿಸಿ ಕಾಫಿ ಕುಡಿದು ಹೊರಡಲಿ.

ಆಮೇಲೆ ಜಾಗ ಗುರುತು ಇಟ್ಟುಕೊಳ್ಳಬೇಕು. ನೇರಳೆ ಮರದ ಕೆಳಗೆ ಜೂನಿನಲ್ಲಿ ಹಣ್ಣು ಬಿದ್ದು, ಗಾಡಿ ಹತ್ತಿ, ರಸ್ತೆ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಿ ಬೈಕಿನವರು ಬೀಳುವುದನ್ನು ಕಣ್ಣಾರೆ ಕಂಡಿದ್ದೇನೆ. ಹಲಸಿನ ಹಣ್ಣು ಒಡೆದು ಬಿದ್ದಿದ್ದರೆ ಇನ್ನೂ ಅನ್ಯಾಯ. ಬಿದಿರು ಮೆಳೆಯ ನೆರಳಿನಲ್ಲಿ ಎಲೆ ಕೊಳೆತು ಲೋಳೆಯಾಗಿರುತ್ತದೆ, ಮಳೆ ನಿಂತು ಎರಡು ದಿನವಾದರೂ ಒಣಗುವುದಿಲ್ಲ. ನಾಟಿ ಸಮಯದಲ್ಲಿ ಟಿಲ್ಲರುಗಳು ಗದ್ದೆಯಿಂದ ಹತ್ತಿ ಕೆಸರನ್ನೆಲ್ಲ ರಸ್ತೆಗೆ ಬಿಟ್ಟು ಹೋಗುತ್ತವೆ. ಉಬ್ಬು ಬರುವ ಮುಂಚೆ ದಪ್ಪಗೆ ಬಳಿದ ಬಿಳಿ ಪಟ್ಟಿ ಇರುತ್ತದಲ್ಲ, ಒದ್ದೆಯಲ್ಲಿ ಅದೂ ಜಾರುತ್ತದೆ. ಹಳ್ಳಿಯ ಕಾಂಕ್ರೀಟ್ ರಸ್ತೆಯಲ್ಲಿ ಪಾಚಿ. ಮಗಳು ಪ್ರತಿ ವಾರ ಒಂದೇ ದಾರಿಯಲ್ಲಿ ಓಡಾಡುವುದು ಅಲ್ವಾ? ಹಾಗಿದ್ದರೆ ಎರಡು ತಿಂಗಳಲ್ಲಿ ಇದೆಲ್ಲ ಬಾಯಿಪಾಠವಾಗುತ್ತದೆ.

ಬ್ರೇಕ್ ಏನಿದ್ದರೂ ತಿರುವಿಗೆ ಮುಂಚೆ, ಸ್ಟೇರಿಂಗ್ ನೇರ ಇರುವಾಗಲೇ. ಗೇರೂ ಅಲ್ಲೇ ಇಳಿಸಿಕೊಂಡು, ಕ್ಲಚ್ ನಿಧಾನ ಬಿಡಬೇಕು. ರಪ್ಪನೆ ಬಿಟ್ಟರೆ ಚಕ್ರಕ್ಕೆ ಅದೂ ಬ್ರೇಕೇ. ತಿರುವಿನೊಳಗೆ ಹೊಕ್ಕ ಮೇಲೆ ಕಾಲಿಗೆ ಕೆಲಸ ಇರಬಾರದು. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್ ಮಾಡುವ ಚಾಳಿ ಯಾರಿಂದಲೂ ಕಲಿಯುವುದು ಬೇಡ.

ಕೊನೆಗೆ ಒಂದು ಪ್ರಶ್ನೆ. ನೀವು ಪಕ್ಕದಲ್ಲೇ ಇದ್ದಿರಿ. ಕಾರು ತಿರುವಿನಲ್ಲಿದ್ದಾಗ ನೀವು ಏನು ಹೇಳಿದಿರಿ?

ತುಂಗಾತೀರ:
ಏನೂ ವಿಶೇಷ ಹೇಳಿಲ್ಲ ಸರ್. ಜಾಗ್ರತೆ ಅಂದಿರಬಹುದು. ಸರಿ ನೆನಪಿಲ್ಲ.

ಹದಿನೇಳರ ಅಮ್ಮ:
ನಡುವೆ ಬಂದೆ, ಕ್ಷಮಿಸಿ. ನನ್ನ ಮಗನಿಗೆ 17. ಊರೊಳಗೆ ನಿಧಾನವಾಗಿ ಓಡಿಸುತ್ತಾನೆ. ಅವನಿಗೂ ಈಗಲೇ ಇದೆಲ್ಲ ಕಲಿಸಬಹುದಾ?

ಸ್ಪ್ಯಾನರ್ ಸಾಗರ:
ರಸ್ತೆಗೆ ಬಿಡಲೇಬೇಡಿ ಅಕ್ಕ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ 18 ಆಗದವರು ಓಡಿಸಿ ಏನಾದರೂ ಆದರೆ ತಪ್ಪು ಅಪ್ಪ ಅಮ್ಮನದು ಅಥವಾ ಗಾಡಿ ಮಾಲೀಕರದು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಒಂದು ವರ್ಷ ಕಾಯುವುದು ಸುಲಭ.

ಉತ್ತರದ ಚಳಿ:
ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಬರೆಯುತ್ತಿದ್ದೇನೆ, ಮೂಲ ಕೊಪ್ಪ. ಇಲ್ಲಿ ನೆಲೆಸಿ ಒಂದು ವರ್ಷವಾದ ಮೇಲೆ ನಮ್ಮ ಭಾರತದ ಲೈಸೆನ್ಸ್ ನಡೆಯುವುದಿಲ್ಲ. ಊರಲ್ಲಿ 15 ವರ್ಷ ಓಡಿಸಿದ್ದರೂ ಮೊದಲಿನಿಂದ ಕಲಿಯಬೇಕು. ಅದರಲ್ಲಿ ಹಾಲ್ಕ್‌ಬಾನಾ ಅನ್ನುವುದು ಕಡ್ಡಾಯ, ಅಂದರೆ ಬೇಕೆಂದೇ ನುಣ್ಣಗೆ ಮಾಡಿದ ಜಾರು ರಸ್ತೆ.

ನಾನು ಅಲ್ಲಿಗೆ ಹೋಗಿದ್ದು ಜಾರುವ ಕಾರನ್ನು ಹೀರೋ ತರಹ ಹಿಡಿಯುವುದು ಕಲಿಸುತ್ತಾರೆ ಅಂದುಕೊಂಡು. ಅವರು ಮಾಡಿಸಿದ್ದೇ ಬೇರೆ. ಎಲ್ಲಿ ನಿಲ್ಲುತ್ತದೆ ಅಂತ ಮೊದಲು ಬಾಯಲ್ಲಿ ಹೇಳಿಸಿದರು. ಆಮೇಲೆ ಬ್ರೇಕ್ ಹಾಕಿಸಿದರು. ನಾನು ಹೇಳಿದ ಜಾಗ ದಾಟಿ ಕಾರು ಹೋಗುತ್ತಲೇ ಇತ್ತು. ಸ್ವಲ್ಪ ಸ್ಪೀಡ್ ಹೆಚ್ಚಿಸಿ ಇನ್ನೊಮ್ಮೆ. ಕಾರು ಗಿರ್ರನೆ ತಿರುಗಿತು. ಮೇಡಂ ಒಬ್ಬರು ಪಕ್ಕದಲ್ಲಿ ಕೂತು ನಗುತ್ತಿದ್ದರು. ನಿನ್ನ ಕೈಯಲ್ಲಿ ಆಗುವುದಿಲ್ಲ ಅಂತ ನಿನಗೇ ಗೊತ್ತಾಗಲಿ, ಅದೇ ಪಾಠ. ಹಿಂದೆ ಈ ನಾರ್ಡಿಕ್ ದೇಶಗಳಲ್ಲಿ ಹಿಡಿಯುವ ವಿದ್ಯೆಯನ್ನೇ ಕಲಿಸುತ್ತಿದ್ದರು. ಕಲಿತ ಹುಡುಗರಿಗೆ ಧೈರ್ಯ ಹೆಚ್ಚಾಯಿತೇ ಹೊರತು ಅಪಘಾತ ತಗ್ಗಲಿಲ್ಲ. ಕುಡ್ಲದ ತಮ್ಮನಿಗೆ ಇದು.

ಮಗಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಆದರೆ ಡ್ರಿಫ್ಟಿಗಲ್ಲ. ಒದ್ದೆ ಮಣ್ಣಿನ ಮೈದಾನ, ಯಾರೂ ಇಲ್ಲದ ಹೊತ್ತು, 20 ಕಿಲೋಮೀಟರ್ ಸಾಕು. ನೀರಿನ ಬಾಟಲಿ ನಿಲ್ಲಿಸಿ, ಅದನ್ನು ಮುಟ್ಟುವ ಮುಂಚೆ ಕಾರು ನಿಲ್ಲಿಸು ಅನ್ನಿ. ಬ್ರೇಕ್ ಪೂರ್ತಿ ಒತ್ತಿ ಚಕ್ರ ಕಟ್ಟಿಕೊಂಡಾಗ ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಕಾಲು ಸಡಿಲಿಸಿದ ತಕ್ಷಣ ತಿರುಗುತ್ತದೆ. ಈ ಒಂದನ್ನು ಅವಳ ಮೈ ಕಲಿತರೆ ಸಾಕು.

ಸ್ಪ್ಯಾನರ್ ಸಾಗರ:
ಒಳ್ಳೆ ಮಾತು. ಎಬಿಎಸ್ ಇಲ್ಲದ ಕಾರಿಗೆ ಅದೇ ಮಂತ್ರ: ಒತ್ತು, ಬಿಡು, ಒತ್ತು. ಎಬಿಎಸ್ ಮಾಡುವುದೂ ಅದನ್ನೇ, ಸೆಕೆಂಡಿಗೆ ಹತ್ತಾರು ಸಲ. ಹಿಂಭಾಗ ಹೋಗೇ ಬಿಟ್ಟಿತು ಅನ್ನಿ, ಬ್ರೇಕ್ ಬಿಟ್ಟು, ಕ್ಲಚ್ ಒತ್ತಿ, ಹೋಗಬೇಕಾದ ರಸ್ತೆಯನ್ನೇ ನೋಡುತ್ತಾ ಆ ಕಡೆಗೆ ಸ್ಟೇರಿಂಗ್. ಕಾರು ನೇರವಾಗುತ್ತಿದ್ದ ಹಾಗೆ ಸ್ಟೇರಿಂಗೂ ನೇರಕ್ಕೆ ಬರಬೇಕು. ಇಲ್ಲದಿದ್ದರೆ ಇನ್ನೊಂದು ಕಡೆಗೆ ಹೊಡೆಯುತ್ತದೆ. ಆ ಎರಡನೇ ಹೊಡೆತವೇ ಜಾಸ್ತಿ ಕೆಟ್ಟದ್ದು.

ಟೈರ್ ಹಾಕಿಸುವ ದಿನವೇ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿಸಿ. ನಿಂತ ಕಾರಿನಲ್ಲಿ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಬ್ರೇಕ್ ಹಿಡಿಸುವ ಭಾಗ) ಸೋರುವುದು ಮಾಮೂಲಿ, ಆಗ ಬ್ರೇಕ್ ಒಂದು ಕಡೆ ಹಿಡಿದು ಇನ್ನೊಂದು ಕಡೆ ಹಿಡಿಯುವುದಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. 15 ವರ್ಷ ತುಂಬಿದಾಗ ಆರ್‌ಸಿ ರಿನ್ಯೂ ಆಗಿದೆ ಅಂತ ಕಾರು ಸರಿಯಿದೆ ಅಂದುಕೊಳ್ಳಬೇಡಿ. ಆಲ್ಟೋ ಟೈರ್ 145/80 ಆರ್12, ನಾಲ್ಕೂ ಹಾಕಿಸುವುದು ಕಷ್ಟವಾದರೆ ಎರಡೇ ಹಾಕಿಸಿ, ಹಿಂದಕ್ಕೆ. ಅಂಗಡಿಯವರು ಏನೇ ಹೇಳಲಿ. ರೀಸೋಲ್ (ಹಳೆ ಟೈರಿಗೆ ಹೊಸ ರಬ್ಬರ್ ಪದರ ಹಾಕಿದ್ದು) ಮಾತ್ರ ಬೇಡ.

ಹಳೇ ಆಲ್ಟೋ:
ನಮಸ್ಕಾರ. ನಾನೇ ಆ ಮಗಳು. ಅಪ್ಪ ಫೋನ್ ಟೇಬಲ್ ಮೇಲೆ ಬಿಟ್ಟಿದ್ದರು, ಎಲ್ಲ ಓದಿದೆ. ಆಮೇಲೆ ನನ್ನದೇ ಒಂದು ಖಾತೆ ಮಾಡಿಕೊಂಡೆ.

ನಿವೃತ್ತ ಸಾರಥಿ ತಾತ ಕೇಳಿದ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ. ತಿರುವಿಗೆ ಮುಂಚೆ ನಾನು 45ಕ್ಕೆ ಇಳಿಸಿಕೊಂಡಿದ್ದೆ. ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ತಿರುವಿನ ಮಧ್ಯದಲ್ಲಿ ಎಡಗಡೆ ಹುಲ್ಲಿನಲ್ಲಿ ಒಂದು ದನ ಮೇಯುತ್ತಿತ್ತು. ರಸ್ತೆಗೆ ಬರುವ ಯೋಚನೆಯೇ ಅದಕ್ಕಿರಲಿಲ್ಲ. ಅಪ್ಪ "ಏಯ್ ದನ, ಬ್ರೇಕ್ ಬ್ರೇಕ್!" ಅಂತ ಕಿರುಚಿದರು. ಕೈ ಡ್ಯಾಶ್‌ಬೋರ್ಡಿಗೆ ಬಡಿದರು. ನಾನು ಬ್ರೇಕ್ ತುಳಿದೆ. ಅಷ್ಟೆ.

ತಪ್ಪು ನನ್ನದೂ ಇರಬಹುದು. ಆದರೆ "ಅವಳು ಗಾಬರಿಯಾಗಿ" ಅಂತ ಬರೆದದ್ದು ಓದಿ ಬೇಜಾರಾಯಿತು.

ಮೇಷ್ಟ್ರು ಹಾಸನ:
ಈಗ ಲೆಕ್ಕ ಸರಿಹೋಯಿತು. ಅದೇ ತಿರುವಿಗೆ 45ರಲ್ಲಿ 0.4 ಬೇಕು. ಚೊಂಬಿನ ನೀರು ಪೂರ್ತಿ ಖರ್ಚಾಗಿ, ಕಾರು ಹೇಗೋ ದಾಟುತ್ತಿತ್ತು. ಬ್ರೇಕಿಗೆ ಒಂದು ಹನಿ ಉಳಿದಿರಲಿಲ್ಲ. ಮುಂದಿನ ಸಲ 35 ಇಟ್ಟುಕೊಳ್ಳಿ ಮಗು, ಅಪ್ಪನ ಕಿರುಚಾಟಕ್ಕೂ ಸ್ವಲ್ಪ ನೀರು ಉಳಿಯುತ್ತದೆ.

ನಿವೃತ್ತ ಸಾರಥಿ:
ನನಗೆ ಅನುಮಾನ ಇತ್ತು. ನನ್ನ ಹೆಂಡತಿಗೆ ಕಾರು ಕಲಿಸಲು ಹೋಗಿ ನಾನೂ ಇದನ್ನೇ ಮಾಡಿದ್ದೆ. ಅವರು ಆಮೇಲೆ ಸ್ಟೇರಿಂಗ್ ಮುಟ್ಟಲೇ ಇಲ್ಲ.

ನನ್ನ ಜೊತೆ ಬಹಳ ವರ್ಷ ಇದ್ದ ಕಂಡಕ್ಟರ್ ಒಬ್ಬರಿದ್ದರು. ಘಾಟಿ ಇಳಿಯುವಾಗ ಅವರು ವೇಬಿಲ್ ಬರೆಯುತ್ತಾ ಕೂರುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಕೇಳಿದೆ, ಹೆದರಿಕೆ ಆಗುವುದಿಲ್ವಾ ಅಂತ. ಆಗುತ್ತೆ, ಅದಕ್ಕೇ ಬರೆಯುತ್ತಾ ಕೂರುತ್ತೇನೆ ಅಂದರು.

ತುಂಗಾತೀರ ಅವರೇ, ಹೇಳುವುದಿದ್ದರೆ ಮೊದಲೇ ಹೇಳಿ. "ಮುಂದೆ ಎಡಕ್ಕೆ ತಿರುವಿದೆ, ಬಿದಿರು ಮೆಳೆ ಇದೆ" ಅಂತ ನೂರು ಮೀಟರ್ ಮುಂಚೆ, ಮೆಲ್ಲಗೆ. ತಿರುವಿನೊಳಗೆ ಹೊಕ್ಕ ಮೇಲೆ ಬಾಯಿಗೆ ಎಲೆಅಡಿಕೆ ಹಾಕಿಕೊಳ್ಳಿ. ಮಾತಾಡಬೇಕೆನಿಸಿದರೂ ಆಗಬಾರದು.

ತುಂಗಾತೀರ:
ಒಪ್ಪಿಕೊಂಡೆ. ಬರೆಯುವಾಗ ನಿಜಕ್ಕೂ ಹೊಳೆಯಲಿಲ್ಲ. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಿಸಿಲ್ಲ, ಅದೂ ಆಯಿತು.

ನಿನ್ನೆ ಎರಡು ಹೊಸ ಟೈರ್ ಹಿಂದಕ್ಕೆ ಹಾಕಿಸಿದೆ. ಮುಂದಿನವು ಹೋದ ವರ್ಷದ್ದೇ ಇರಲಿ ಅಂದರು. ಹಿಂದಿನ ಎಡಗಡೆ ವೀಲ್ ಸಿಲಿಂಡರ್ ಸೋರುತ್ತಿತ್ತು, ಸಾಗರದವರು ಹೇಳಿದ ಹಾಗೇ. ಅದೂ ಬದಲಾಯಿತು. ಬೆಳಿಗ್ಗೆ ಅನುಮತಿ ಕೇಳಿಕೊಂಡು ಶಾಲೆಯ ಮೈದಾನಕ್ಕೆ ಹೋದೆವು. ಮೂರು ಬಾಟಲಿಗಳಲ್ಲಿ ಎರಡರ ಮೇಲೆ ಅವಳು ಕಾರು ಹತ್ತಿಸಿದಳು. ಆಮೇಲೆ ನಾನು ಕೂತೆ. ನಾನು ಮೂರರ ಮೇಲೂ ಹತ್ತಿಸಿದೆ.

ಸ್ಪ್ಯಾನರ್ ಸಾಗರ:
ಹೊಸ ಟೈರ್ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಸ್ವಲ್ಪ ನುಣುಪಾಗಿರುತ್ತದೆ. ಅಲ್ಲಿಯವರೆಗೆ ಮಳೆಯಲ್ಲಿ ಇನ್ನೂ ನಿಧಾನ.

ಹಳೇ ಆಲ್ಟೋ:
ಇವತ್ತು ಸೋಮವಾರ. ಶಿವಮೊಗ್ಗ ತಲುಪಿದೆವು. ಅಪ್ಪ ಜೊತೆಗೆ ಬಂದಿದ್ದರು, ಕೆಲಸ ಏನೂ ಇರಲಿಲ್ಲ ಅಂತ ನನಗೆ ಗೊತ್ತು. ಮಂಡಗದ್ದೆಯಿಂದ ಗಾಜನೂರಿನವರೆಗೂ ಬಾಯಲ್ಲಿ ಎಲೆಅಡಿಕೆ ಇತ್ತು. ಅದೇ ತಿರುವಿನಲ್ಲಿ ಅದೇ ದನ ಮೇಯುತ್ತಿತ್ತು. 35ರಲ್ಲಿ ದಾಟಿದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಅವರ ಬಲಗಾಲು ಮಾತ್ರ ಮ್ಯಾಟಿನ ಮೇಲೆ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.